ಸಿಗ್ನಲ್‌ನಲ್ಲಿ ನಡುಗುವ ಮೂರು ಸಿಲಿಂಡರ್: ಎಲ್ಲಿವರೆಗೆ ಸಹಜ, ಎಲ್ಲಿಂದಾಚೆ ರಿಪೇರಿ?

ಕೆರೆಏರಿ (ಚರ್ಚೆ ಶುರು ಮಾಡಿದವರು)

ಗಾಡಿ: 1 ಲೀಟರ್ ಪೆಟ್ರೋಲ್ ಕಾರು, ಮೂರು ಸಿಲಿಂಡರ್, ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇಲ್ಲ, ಮ್ಯಾನ್ಯುಯಲ್ ಗೇರ್. 2018ರದು, 61,000 ಕಿ.ಮೀ. ಓಡಿದೆ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಜಗಳ ಬೇರೆ ಕಡೆ ತಿರುಗತ್ತೆ.

ತೊಂದರೆ: ಇಂಜಿನ್ ಬಿಸಿಯಾದ ಮೇಲೆ ಎಸಿ ಹಾಕಿ ನ್ಯೂಟ್ರಲ್‌ನಲ್ಲಿ ನಿಂತರೆ ಸ್ಟೀರಿಂಗ್, ಸೀಟು ಎರಡೂ ನಡುಗತ್ತೆ. 1,200 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ದಾಟಿದರೆ ಏನೂ ಇಲ್ಲ. ಪಿಕಪ್ ಕಮ್ಮಿ ಆಗಿಲ್ಲ, ಮೈಲೇಜ್ ಬಿದ್ದಿಲ್ಲ, ಚೆಕ್ ಇಂಜಿನ್ ದೀಪ ಹತ್ತಿಲ್ಲ. ಸರ್ವಿಸ್‌ನವರ ಉತ್ತರ: "ತ್ರೀ ಸಿಲಿಂಡರ್ ಅಲ್ವಾ ಸರ್, ಹಂಗೇ ಇರತ್ತೆ." ಹಂಗೇ ಇರೋದಾದ್ರೆ ಹೋದ ವರ್ಷ ಯಾಕೆ ಇರಲಿಲ್ಲ?

ಎರಡನೇ ಪ್ರಶ್ನೆ: ಮನೆಗೆ ಇನ್ನೊಂದು ಗಾಡಿ ಬೇಕು. ಸ್ವಿಫ್ಟ್, ಡಿಜೈರ್ ಎರಡೂ ಈಗ ಮೂರೇ ಸಿಲಿಂಡರ್. ಹಳೇ ನಾಲ್ಕು ಸಿಲಿಂಡರ್ ಸೆಕೆಂಡ್ ಹ್ಯಾಂಡ್ ಹುಡುಕೋದು ಮೇಲಾ?

ಟಾಪ್‌ಗೇರ್ ತಿಮ್ಮ

ನಾಲ್ಕು ಕಾಲಿನ ಮೇಜಿಗೆ ಒಂದು ಕಾಲು ತೆಗೆದರೆ ಏನಾಗತ್ತೋ ಅದೇ ಆಗಿದೆ. ಕಂಪನಿಗೆ ಉಳಿತಾಯ, ನಮಗೆ ನಡುಕ.

ಸ್ಪ್ಯಾನರ್12

ಮೂರು ಕಾಲಿನ ಸ್ಟೂಲು ಎಂಥಾ ನೆಲದ ಮೇಲಿಟ್ಟರೂ ಕುಂಟಲ್ಲ ತಿಮ್ಮಣ್ಣ, ನಾಲ್ಕು ಕಾಲಿನದೇ ಕುಂಟೋದು. ಮೇಜು ಬಿಡಿ, ಇಂಜಿನ್ನಿಗೆ ಬನ್ನಿ.

ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಎರಡು ಸುತ್ತು ಹಾಕುವಷ್ಟರಲ್ಲಿ, ಅಂದರೆ 720 ಡಿಗ್ರಿಯಲ್ಲಿ, ಪ್ರತಿ ಸಿಲಿಂಡರೂ ಒಂದು ಸಲ ಫೈರ್ ಆಗತ್ತೆ, ಅಂದರೆ ಪೆಟ್ರೋಲ್ ಹತ್ತಿ ಪಿಸ್ಟನ್ನನ್ನು ಒದೆಯತ್ತೆ. ನಾಲ್ಕಿದ್ದರೆ 180 ಡಿಗ್ರಿಗೊಂದು, ಮೂರಿದ್ದರೆ 240 ಡಿಗ್ರಿಗೊಂದು. 750 ಆರ್‌ಪಿಎಂ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) ಲೆಕ್ಕ ಹಾಕಿ: ನಾಲ್ಕು ಸಿಲಿಂಡರ್ ಸೆಕೆಂಡಿಗೆ 25 ಸಲ ಒದೆಯತ್ತೆ, ಮೂರು ಸಿಲಿಂಡರ್ 18.75 ಸಲ. ಒದೆತ ಕಮ್ಮಿ, ಆದರೆ ಒಂದೊಂದೂ ದೊಡ್ಡದು. 1.2 ಲೀಟರನ್ನು ನಾಲ್ಕಕ್ಕೆ ಹಂಚಿದರೆ ತಲಾ 300 ಸಿಸಿ, ಮೂರಕ್ಕೆ ಹಂಚಿದರೆ 400. ಇಂಜಿನ್ ಹಿಡಿದಿರುವ ರಬ್ಬರ್ ಮೌಂಟಿಂಗ್‌ಗೆ ವೇಗದ ನಡುಕ ತಡೆಯೋದು ಸುಲಭ, ನಿಧಾನದ ದೊಡ್ಡ ನಡುಕ ತಡೆಯೋದು ಕಷ್ಟ. ಐಡ್ಲಿಂಗ್‌ನಲ್ಲಿ ಗೊತ್ತಾಗಿ ಹೆದ್ದಾರಿಯಲ್ಲಿ ಮಾಯವಾಗೋದು ಇದಕ್ಕೇ.

ಇದರ ಜೊತೆಗೆ ಇನ್ನೊಂದಿದೆ, ತೂಗಾಟ. ಮೂರರಲ್ಲಿ ಕ್ರ್ಯಾಂಕ್ ಪಿನ್‌ಗಳು (ಪಿಸ್ಟನ್ನಿನ ರಾಡು ಕೂಡುವ ಜಾಗಗಳು) 120 ಡಿಗ್ರಿ ಅಂತರದಲ್ಲಿರೋದರಿಂದ ಮೇಲೆ ಕೆಳಗೆ ಎಳೆಯುವ ಬಲಗಳೆಲ್ಲ ಕೂಡಿದರೆ ಸೊನ್ನೆ. ನಾಲ್ಕರಲ್ಲಿ ಹಾಗಾಗಲ್ಲ, ಕ್ರ್ಯಾಂಕಿನ ದುಪ್ಪಟ್ಟು ವೇಗದ ಒಂದು ಬಲ ಉಳಿದೇ ಉಳಿಯತ್ತೆ. 4,000 ದಾಟಿದಾಗ ಕೆಲವು ನಾಲ್ಕು ಸಿಲಿಂಡರ್ ಗುಂಯ್‌ಗುಟ್ಟೋದು ಅದೇ. ಮೂರರ ಕಷ್ಟ ಬೇರೆ. ಬಲ ಸೊನ್ನೆಯಾದರೂ ಒಂದನೇ ಸಿಲಿಂಡರಿನ ತುದಿ ಮೇಲೇಳುವಾಗ ಮೂರನೆಯದರ ತುದಿ ಕೆಳಗಿಳಿಯತ್ತೆ. ಮಂಚದ ತಲೆದೆಸೆ ಒಬ್ಬ ಎತ್ತಿ, ಕಾಲ್ದೆಸೆ ಇನ್ನೊಬ್ಬ ಅಮುಕಿದ ಹಾಗೆ. ಮಂಚ ಎಲ್ಲಿಗೂ ಹೋಗಲ್ಲ, ತೂಗತ್ತೆ. ಇದು ಕ್ರ್ಯಾಂಕಿನ ಒಂದು ಸುತ್ತಿಗೆ ಒಂದು ಸಲ.

ಅರ್ಧಕ್ಲಚ್

ಅದಕ್ಕೇ ಅಲ್ವಾ ಬ್ಯಾಲೆನ್ಸರ್ ಶಾಫ್ಟ್ ಇರೋದು? ಎಲ್ಲ ಮೂರು ಸಿಲಿಂಡರಿಗೂ ಇರತ್ತೆ ಅಂತ ಓದಿದ ನೆನಪು.

ಸ್ಪ್ಯಾನರ್12

ಎಲ್ಲದಕ್ಕೂ ಇಲ್ಲ. ಕ್ರ್ಯಾಂಕಿನಷ್ಟೇ ವೇಗದಲ್ಲಿ, ಅದಕ್ಕೆ ಎದುರು ದಿಕ್ಕಿನಲ್ಲಿ ತಿರುಗುವ ಒಂದು ಶಾಫ್ಟ್ ಇಟ್ಟರೆ ತೂಗಾಟ ಹೊಡೆದುಹೋಗತ್ತೆ, ನಿಜ. ಫೋರ್ಡ್ ಇಕೋಸ್ಪೋರ್ಟ್‌ಗೆ 2017ರಲ್ಲಿ ಬಂದ 1.5 ಡ್ರ್ಯಾಗನ್ ಇಂಜಿನ್ನಿಗೆ ಅದಿತ್ತು. ಆದರೆ ಶಾಫ್ಟ್ ಅಂದರೆ ತೂಕ, ಖರ್ಚು, ಜೊತೆಗೆ ತಿರುಗಿಸೋಕೆ ಒಂದಿಷ್ಟು ಶಕ್ತಿ. ಅದೇ ಕಂಪನಿಯ 1.0 ಇಕೋಬೂಸ್ಟ್‌ಗೆ ಶಾಫ್ಟ್ ಇರಲಿಲ್ಲ. ಕ್ರ್ಯಾಂಕಿನ ಎರಡು ತುದಿಗಿರುವ ಫ್ಲೈವೀಲ್ (ಭಾರದ ಚಕ್ರ), ಮುಂದಿನ ಪುಲ್ಲಿ ಎರಡರಲ್ಲೂ ಬೇಕಂತಲೇ ಒಂದು ಬದಿಗೆ ತೂಕ ಹೆಚ್ಚು ಇಟ್ಟಿದ್ದರು. ತೂಗಾಟ ಅದರಿಂದ ಹೋಗಲ್ಲ, ಮೇಲೆ ಕೆಳಗೆ ಆಗೋದು ಅಡ್ಡಡ್ಡ ಆಗತ್ತೆ. ಅಡ್ಡಕ್ಕೆ ಮೌಂಟಿಂಗ್ ಮೆತ್ತಗಿಡಬಹುದು, ಒಳಗೆ ಕೂತವರಿಗೆ ಗೊತ್ತಾಗಲ್ಲ. ನಿಸ್ಸಾನ್ ಮೈಕ್ರಾದ 1.2ರಲ್ಲೂ ಪುಲ್ಲಿಯ ತೂಕದ್ದೇ ಉಪಾಯ. ಸಣ್ಣ ಗಾಡಿಗಳಲ್ಲಿ ಬಹುತೇಕ ಶಾಫ್ಟ್ ಇಲ್ಲ, ಮೌಂಟಿಂಗೇ ಗತಿ.

ಆದ್ದರಿಂದ ಆ ಪುಲ್ಲಿ ಬದಲಿಸುವಾಗ "ನೋಡೋಕೆ ಒಂದೇ ಥರ ಇದೆ" ಅಂತ ಬೇರೆ ಗಾಡಿಯದ್ದು ಹಾಕಿಸಿಕೊಳ್ಳಬೇಡಿ.

ಹುಬ್ಳಿ ಹೈದ

ಏನ್ರಿ ತಿಮ್ಮಣ್ಣ, ಮೂರು ಸಿಲಿಂಡರ್ ಅಂದ್ರ ಏನೋ ಹೊಸಾ ಕಾಯಿಲಿ ಬಂದಂಗ ಮಾತಾಡ್ತೀರಲ್ಲ. ಈ ದೇಶಕ್ಕ ಕಾರ್ ಓಡಿಸೋದು ಕಲಿಸಿದ್ದ ಮೂರು ಸಿಲಿಂಡರ್. ಮಾರುತಿ 800 ಡಿಸೆಂಬರ್ 1983ಕ್ಕ ಬಂತು, 796 ಸಿಸಿ, ಮೂರು ಸಿಲಿಂಡರ್. 2014ರ ತನಕಾ ತಯಾರಾತು. ಓಮ್ನಿ 2019ರ ತನಕಾ, ಅದೂ ಮೂರ ಸಿಲಿಂಡರ್. 2010ರಾಗ ವ್ಯಾಗನ್ ಆರ್‌ದಾಗಿನ 1.1 ನಾಲ್ಕು ಸಿಲಿಂಡರ್ ತಗದು 998 ಸಿಸಿ ಮೂರು ಸಿಲಿಂಡರ್ ಇಟ್ರು. ಯಾರೂ ಅಳಲಿಲ್ಲ. ಈಗ ಸ್ವಿಫ್ಟ್‌ಗೆ ಬಂದ ಕೂಡ್ಲೆ ಎದಿ ಬಡ್ಕೊಳ್ಳಾಕತ್ತಾರ.

ಟಾಪ್‌ಗೇರ್ ತಿಮ್ಮ

800 ನಡುಗುತ್ತಿರಲಿಲ್ಲ ಅಂತ ಯಾರು ಹೇಳಿದ್ದು? ಆಗ ಹೋಲಿಸೋಕೆ ಬೇರೆ ಗಾಡಿಯೇ ಇರಲಿಲ್ಲ. ಅಂಬಾಸಿಡರ್ ಪಕ್ಕ ನಿಲ್ಲಿಸಿದರೆ ಯಾವುದಾದರೂ ನುಣುಪೇ.

ಹುಬ್ಳಿ ಹೈದ

ಅದೂ ಖರೇನ ಬಿಡ್ರಿ 😄

ಪಣಂಬೂರು ಪಿಸ್ಟನ್

ತತ್ವ ಸಾಕು ಮಾರಾಯ್ರೆ, ಅವರ ಗಾಡಿ ನೋಡುವ. ವರ್ಷದ ಹಿಂದೆ ಇಲ್ಲದ್ದು ಈಗ ಉಂಟು ಅಂದ ಮೇಲೆ ಅದು ಹುಟ್ಟುಗುಣ ಅಲ್ಲ. ನಾಲ್ಕರಲ್ಲಿ ಒಂದು.

ಒಂದು: ಫೌಂಡೇಶನ್ ಹೋಗಿದೆ. ಗ್ಯಾರೇಜಿನಲ್ಲಿ ಇಂಜಿನ್ ಮೌಂಟಿಂಗ್‌ಗೆ ಫೌಂಡೇಶನ್ ಅಂತಲೇ ಹೇಳುವುದು. ಈ ಗಾತ್ರದ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರು ಇರ್ತದೆ: ಇಂಜಿನ್ ಬದಿಗೆ ಒಂದು, ಗೇರ್‌ಬಾಕ್ಸ್ ಬದಿಗೆ ಒಂದು, ಕೆಳಗೆ ಇಂಜಿನ್ ಹಿಂದೆ ಮುಂದೆ ಹೊರಳದ ಹಾಗೆ ಹಿಡಿಯುವ ರಾಡ್ ಒಂದು. ಆ ರಾಡಿನ ಬುಷ್ (ರಬ್ಬರ್ ಬಳೆ) ಮೊದಲು ಹೋಗುವುದು.

ಎರಡು: ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಆಗಾಗ ಫೈರ್ ಆಗದೆ ಹೋಗುವುದು. ಕಿಡಿ ಹಾರಿಸುವ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್.

ಮೂರು: ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆ ಹಿಡಿದು ಐಡ್ಲಿಂಗ್ ಇಳಿದಿದೆ. ಎಸಿ ಹಾಕಿದಾಗ ಐಡ್ಲಿಂಗ್ ಸ್ವಲ್ಪ ಏರಬೇಕು, ಏರದಿದ್ದರೆ ನಡುಕ ಗ್ಯಾರಂಟಿ.

ನಾಲ್ಕು: ಇಂಜಿನ್ ಸರಿಯೇ ಉಂಟು, ನಡುಕ ಬೇರೆ ದಾರಿಯಲ್ಲಿ ಬಾಡಿಗೆ ಬರ್ತಾ ಉಂಟು. ಸೈಲೆನ್ಸರಿನ ರಬ್ಬರ್ ಹ್ಯಾಂಗರ್ ಹರಿದು ಪೈಪು ಎಲ್ಲೋ ತಾಗುವುದು, ರೇಡಿಯೇಟರ್ ಫ್ಯಾನಿನ ಒಂದು ರೆಕ್ಕೆ ಮುರಿದದ್ದು. ಎಸಿ ಹಾಕಿದಾಗ ಫ್ಯಾನ್ ತಿರುಗ್ತದಲ್ಲ, ಜನ ಇಂಜಿನ್ನಿಗೆ ಬೈಯುತ್ತಾರೆ.

ಗಾಡಿಲೆಕ್ಕ

ಬಿಚ್ಚುವ ಮೊದಲು ಅಳೆಯಿರಿ. ಫೋನಿನಲ್ಲಿ ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರದು, ದುಡ್ಡಿಲ್ಲ. ಅದರಲ್ಲಿ ವೇಗೋತ್ಕರ್ಷದ ಸ್ಪೆಕ್ಟ್ರಮ್ (ಸೆಕೆಂಡಿಗೆ ಎಷ್ಟು ಸಲದ ನಡುಕ ಎಷ್ಟು ಜೋರು ಅಂತ ತೋರಿಸುವ ಗ್ರಾಫ್) ನೋಡುವ ಪ್ರಯೋಗ ಇದೆ. ಫೋನನ್ನು ಸೀಟು ಹಿಡಿದಿರುವ ಕಬ್ಬಿಣದ ರೈಲಿನ ಮೇಲೆ ಎರಡು ಬದಿ ಅಂಟುವ ಟೇಪಿನಿಂದ ಅಂಟಿಸಿ. ಸೀಟಿನ ಮೇಲೆ ಇಟ್ಟರೆ ಸ್ಪಂಜು ಎಲ್ಲ ನುಂಗಿಬಿಡತ್ತೆ. ಅದೇ ಹೊತ್ತಿಗೆ ಆರ್‌ಪಿಎಂ ಎಷ್ಟಿದೆ ಅಂತ ಓಬಿಡಿ ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಉಪಕರಣ) ನೋಡಿ. ಮೀಟರಿನ ಮುಳ್ಳು ನಂಬಬೇಡಿ, 50 ಆಚೀಚೆ ಗೊತ್ತಾಗಲ್ಲ.

ಲೆಕ್ಕ ಹೀಗೆ. ಆರ್‌ಪಿಎಂ ಅನ್ನು 60ರಿಂದ ಭಾಗಿಸಿ. ಬಂದ ಸಂಖ್ಯೆಯ ಒಂದೂವರೆ ಪಟ್ಟು: ಫೈರಿಂಗ್. ಒಂದು ಪಟ್ಟು: ಸ್ಪ್ಯಾನರ್ ಹೇಳಿದ ತೂಗಾಟ. ಅರ್ಧ ಪಟ್ಟು: ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಅಥವಾ ಮಿಕ್ಕ ಎರಡರಷ್ಟು ಮಾಡುತ್ತಿಲ್ಲ.

800 ಆರ್‌ಪಿಎಂ ಆದರೆ 20, 13.3, 6.7 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ. ಆರೇಳು ಹರ್ಟ್ಸ್‌ನಲ್ಲಿ ದಿಬ್ಬ ಎದ್ದರೆ ಮೌಂಟಿಂಗ್ ಕಡೆ ನೋಡಲೇಬೇಡಿ, ಪ್ಲಗ್ ಬಿಚ್ಚಿ. ಅಲ್ಲಿ ಏನೂ ಇಲ್ಲದೆ 20ರಲ್ಲಿ ಮಾತ್ರ ಎತ್ತರ ಇದ್ದರೆ ಇಂಜಿನ್ ಸರಿ, ತಡೆಯಬೇಕಾದ ರಬ್ಬರ್ ತಡೆಯುತ್ತಿಲ್ಲ. 30ರ ಮೇಲೆ ಎಲ್ಲೋ ಒಂಟಿ ಮೊಳೆ ನಿಂತಿದ್ದು, ಆರ್‌ಪಿಎಂ ಬದಲಿಸಿದರೂ ಅದು ಜಾಗ ಬದಲಿಸದಿದ್ದರೆ, ಅದು ಇಂಜಿನ್ ಅಲ್ಲವೇ ಅಲ್ಲ, ಫ್ಯಾನ್.

ಅರ್ಧಕ್ಲಚ್

ಕಾರ್ ಸರಿ ಮಾಡೋಕೆ ಭೌತಶಾಸ್ತ್ರದ ಪ್ರಾಕ್ಟಿಕಲ್ ಬೇಕಾಯ್ತಲ್ಲಪ್ಪಾ.

ಗಾಡಿಲೆಕ್ಕ

ಎರಡು ನಿಮಿಷದ ಕೆಲಸ. ಸುಮ್ಮನೆ ಮೂರು ಕಾಯಿಲ್ ಬದಲಿಸಿ ಬಿಲ್ ಕಟ್ಟೋದಕ್ಕಿಂತ ವಾಸಿ.

ಸ್ಪ್ಯಾನರ್12

ಮಿಸ್ಸಿಂಗ್ ಅಂತ ಬಂದರೂ ಮೂರೂ ಬದಲಿಸಬೇಕಿಲ್ಲ. ಸ್ಕ್ಯಾನರ್ ಹಾಕಿ. ದೋಷದ ಕೋಡ್ ಪಿ0301 ಅಂದರೆ ಒಂದನೇ ಸಿಲಿಂಡರ್, 0302 ಎರಡನೆಯದು, 0303 ಮೂರನೆಯದು. 0301 ಬಂದಿದೆ ಅಂದುಕೊಳ್ಳಿ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೆಯ ಕಾಯಿಲನ್ನು ಮೂರಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಕೋಡ್ 0303ಕ್ಕೆ ಹಾರಿದರೆ ಕಾಯಿಲ್ ಹೋಗಿದೆ. 0301ರಲ್ಲೇ ಕೂತರೆ ಪ್ಲಗ್ ಅದಲುಬದಲು ಮಾಡಿ. ಆಗಲೂ ಅಲ್ಲೇ ಇದ್ದರೆ ಇಂಜೆಕ್ಟರ್, ಆಮೇಲೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ). ಒಂದು ಪಾರ್ಟೂ ಕೊಳ್ಳದೆ ಇಷ್ಟು ಗೊತ್ತಾಗತ್ತೆ.

ದೀಪ ಹತ್ತಿಲ್ಲ ಅಂದ ಮಾತ್ರಕ್ಕೆ ಮಿಸ್ಸಿಂಗ್ ಇಲ್ಲ ಅಂತಲ್ಲ. ಅಪರೂಪಕ್ಕೊಮ್ಮೆ ಆದರೆ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಎಣಿಸಿಟ್ಟುಕೊಳ್ಳತ್ತೆ, ದೀಪ ಹಚ್ಚಲ್ಲ. ಪೆಂಡಿಂಗ್ ಕೋಡ್, ಅಂದರೆ ದೀಪ ಹಚ್ಚದೆ ಬರೆದಿಟ್ಟ ಕೋಡ್, ಇದೆಯಾ ನೋಡಿ. ನಾಲ್ಕರಲ್ಲಿ ಒಂದು ಸತ್ತರೆ ಕಾಲು ಭಾಗ ಹೋಯ್ತು, ಮೂರರಲ್ಲಿ ಒಂದು ಸತ್ತರೆ ಮೂರನೇ ಒಂದು ಭಾಗ. ಹಾಗಾಗಿ ಇದರಲ್ಲಿ ಸಣ್ಣ ಮಿಸ್ಸಿಂಗೂ ಜೋರಾಗಿ ಗೊತ್ತಾಗತ್ತೆ.

ದಾವಣಗೆರೆ ಡಿಕ್ಕಿ

ಸಿಎನ್‌ಜಿ ಕಿಟ್ ಹಾಕಿಸಿದವರು ಒಂದು ಗಮನಿಸಿ. ಗ್ಯಾಸಿಗೆ ಕಿಡಿ ಹಾರಿಸೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಸವೆದು ಅಗಲ ಆಗಿದ್ದರೆ ಪೆಟ್ರೋಲಿನಲ್ಲಿ ಸುಮ್ಮನಿರೋ ಗಾಡಿ ಗ್ಯಾಸಿನಲ್ಲಿ ಮಿಸ್ ಹೊಡೆಯತ್ತೆ. ಅದೇ ಒಳ್ಳೇ ಪರೀಕ್ಷೆ: ಗ್ಯಾಸಿನಲ್ಲಿ ನಡುಗಿ, ಪೆಟ್ರೋಲಿಗೆ ಹಾಕಿದ ತಕ್ಷಣ ನಿಂತರೆ ಮೊದಲು ಪ್ಲಗ್ ನೋಡಿ. ಪೆಟ್ರೋಲಿಗೆ 1 ಮಿ.ಮೀ. ಆಸುಪಾಸು ಇರೋ ಗ್ಯಾಪನ್ನು ಗ್ಯಾಸಿಗೆ 0.7, 0.8ಕ್ಕೆ ಇಳಿಸೋದು ವಾಡಿಕೆ. ಇರಿಡಿಯಂ ಪ್ಲಗ್ಗಾದರೆ ನಾಣ್ಯದಂಥ ಗೇಜ್ ತೂರಿಸಿ ಮೀಟಬೇಡಿ, ನಡುವಿನ ತುದಿ ಕೂದಲಷ್ಟೇ ದಪ್ಪ, ಮುರಿಯತ್ತೆ.

ಟಾಪ್‌ಗೇರ್ ತಿಮ್ಮ

ಎರಡನೇ ಪ್ರಶ್ನೆಗೆ ಯಾರೂ ಬರ್ತಿಲ್ಲ. ಸ್ವಿಫ್ಟಿನ ಹಳೇ ಇಂಜಿನ್ ಕೆ12ಎನ್, ನಾಲ್ಕು ಸಿಲಿಂಡರ್, 90 ಪಿಎಸ್ (ಅಶ್ವಶಕ್ತಿ). ಮೇ 2024ರಲ್ಲಿ ಬಂದ ಮೂರು ಸಿಲಿಂಡರಿನ ಝಡ್12ಇ 82 ಪಿಎಸ್. ದುಡ್ಡು ಜಾಸ್ತಿ, ಕುದುರೆ ಕಮ್ಮಿ. ಮೂರು ಸಿಲಿಂಡರ್ ಮಾಡಿದರೆ ತೆರಿಗೆ ಕಮ್ಮಿ ಸಿಗತ್ತೆ, ಅಷ್ಟೇ ಕಾರಣ.

ಗಾಡಿಲೆಕ್ಕ

ತೆರಿಗೆ ವಿಷಯ ತಪ್ಪು. ಉದ್ದ 4 ಮೀಟರ್ ಒಳಗೆ, ಪೆಟ್ರೋಲಾದರೆ 1,200 ಸಿಸಿ ಒಳಗೆ, ಡೀಸೆಲ್ಲಾದರೆ 1,500 ಸಿಸಿ ಒಳಗೆ ಇದ್ದರೆ ಸಣ್ಣ ಕಾರು. 22 ಸೆಪ್ಟೆಂಬರ್ 2025ರಿಂದ ಅವಕ್ಕೆ ಜಿಎಸ್‌ಟಿ 18 ಪರ್ಸೆಂಟ್. ಸಿಲಿಂಡರ್ ಎಷ್ಟು ಅಂತ ಕಾನೂನು ಕೇಳೋದೇ ಇಲ್ಲ. ಹಳೇ ಕೆ12ಎನ್ ಕೂಡ 1,197 ಸಿಸಿಯೇ, ಅದೇ ಸಾಲಿನಲ್ಲಿತ್ತು. ಉಲ್ಟಾ ಉದಾಹರಣೆ ಬೇಕಾದರೆ ಇಕೋಸ್ಪೋರ್ಟ್ 1.5: ಮೂರೇ ಸಿಲಿಂಡರ್, 4 ಮೀಟರ್ ಒಳಗೆ, ಆದರೂ 1,497 ಸಿಸಿ ಅಂತ ಸಣ್ಣ ಕಾರಿನ ರಿಯಾಯಿತಿ ಸಿಗಲಿಲ್ಲ.

ನಿಜವಾದ ಕಾರಣ ಕೆಫೆ ನಿಯಮ. ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿ.ಮೀ.ಗೆ ಇಂತಿಷ್ಟೇ ಗ್ರಾಂ ಅಂತ ಮಿತಿ ಇದೆ, 2022ರಿಂದ ಅದು 113ಕ್ಕೆ ಇಳಿಯಿತು. ಒಂದು ಪಿಸ್ಟನ್ ಕಮ್ಮಿ ಆದರೆ ಅದರ ರಿಂಗುಗಳ ಉಜ್ಜಾಟ, ಬೇರಿಂಗ್, ನಾಲ್ಕು ವಾಲ್ವಿನ ಸ್ಪ್ರಿಂಗ್ ಎಲ್ಲ ಕಮ್ಮಿ. ಸಿಲಿಂಡರ್ ದೊಡ್ಡದಾದಷ್ಟೂ ಒಳಗಿನ ಅನಿಲಕ್ಕೆ ಹೋಲಿಸಿದರೆ ಗೋಡೆಯ ವಿಸ್ತೀರ್ಣ ಕಮ್ಮಿ, ಶಾಖ ಸೋರೋದೂ ಕಮ್ಮಿ. ಸ್ವಿಫ್ಟ್ ಮ್ಯಾನ್ಯುಯಲ್‌ಗೆ ಕಂಪನಿ ಹೇಳೋದು ಲೀಟರಿಗೆ 24.80 ಕಿ.ಮೀ., ಎಎಂಟಿಗೆ (ತಾನೇ ಗೇರ್ ಬದಲಿಸುವುದಕ್ಕೆ) 25.75. ಟಾರ್ಕ್ (ತಿರುಗಿಸುವ ಬಲ) ಬಿದ್ದಿರೋದು 113ರಿಂದ 112 ಎನ್‌ಎಂಗೆ, ಅಂದರೆ ಊರೊಳಗೆ ವ್ಯತ್ಯಾಸ ಗೊತ್ತಾಗಲ್ಲ. 8 ಪಿಎಸ್ ಹೋಗಿರೋದು ಮೇಲಿನ ಆರ್‌ಪಿಎಂನಲ್ಲಿ, ಓವರ್‌ಟೇಕಿಗೆ ಮೂರನೇ ಗೇರಿನಲ್ಲಿ ಎಳೆದಾಗ ಗೊತ್ತಾಗತ್ತೆ.

ಹುಬ್ಳಿ ಹೈದ

24.80 ಲ್ಯಾಬಿನ್ಯಾಗ ರೋಲರ್ ಮ್ಯಾಲಿನ ಮೈಲೇಜ್ ಐತ್ರಿ, ರೋಡಿಂದಲ್ಲ. ಈಗ ಇ20 (ಇಪ್ಪತ್ತು ಪರ್ಸೆಂಟ್ ಎಥನಾಲ್ ಕೂಡಿಸಿದ ಪೆಟ್ರೋಲ್) ಬ್ಯಾರೆ. ಒಂದು ಲೀಟರ್ ಎಥನಾಲ್‌ನ್ಯಾಗ ಪೆಟ್ರೋಲಿನ ಮೂರರಾಗ ಎರಡು ಪಾಲು ಅಷ್ಟ ಶಕ್ತಿ ಇರತೈತಿ. ಅಂದ್ರ ಶುದ್ಧ ಪೆಟ್ರೋಲಿಗೆ ಹೋಲಿಸಿದ್ರ ಇ20ದಾಗ ಆರೇಳು ಪರ್ಸೆಂಟ್ ಖೋತಾ.

ಅರ್ಧಕ್ಲಚ್

ಹಂಗಾದ್ರೆ ನನ್ನ ಗಾಡಿ ನಡುಗೋದಕ್ಕೂ ಇ20 ಕಾರಣಾನಾ? ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು.

ಸ್ಪ್ಯಾನರ್12

ನೇರವಾಗಿ ಅಲ್ಲ. ಎಥನಾಲ್ ಹೆಚ್ಚಾದರೆ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಂಜೆಕ್ಷನ್ ಹೆಚ್ಚು ಮಾಡತ್ತೆ. ಹಳೇ ಗಾಡಿಯಲ್ಲಿ ಟ್ಯಾಂಕಿನ ತಳದ ಕೊಳೆ ಎಬ್ಬಿಸಿ ಫಿಲ್ಟರ್ ಕಟ್ಟಿಸಬಹುದು, ರಬ್ಬರ್ ಪೈಪು ಒಣಗಿಸಬಹುದು. ಫಿಲ್ಟರ್ ಕಟ್ಟಿದರೆ ಐಡ್ಲಿಂಗ್‌ಗಿಂತ ಮೊದಲು ಏರಿನಲ್ಲಿ ಎಳೆತ ಬೀಳತ್ತೆ.

ನಿರ್ವಾಹಕ

ಇ20ಕ್ಕೆ ಬೇರೆ ಎಳೆ ಇದೆ, ಅಲ್ಲಿ 400 ಜನ ಹೊಡೆದಾಡ್ತಿದ್ದಾರೆ. ಇಲ್ಲಿ ಸಿಲಿಂಡರ್ ಮಾತ್ರ.

ಆಗುಂಬೆ ತಿರುವು

ಸೆಕೆಂಡ್ ಹ್ಯಾಂಡ್ ಬಗ್ಗೆ: ಸಿಲಿಂಡರ್ ಎಷ್ಟು ಅನ್ನೋದಕ್ಕಿಂತ ಮೊದಲು ಕ್ರ್ಯಾಂಕಿನಿಂದ ವಾಲ್ವುಗಳನ್ನು ಓಡಿಸೋದು ಟೈಮಿಂಗ್ ಬೆಲ್ಟಾ, ಚೈನಾ, ಎಣ್ಣೆಯೊಳಗೆ ಓಡುವ ಬೆಲ್ಟಾ ಅಂತ ಕೇಳಿ. ಮಾರುತಿ ಕೆ ಸೀರೀಸ್ ಮೂರು ಸಿಲಿಂಡರ್ ಚೈನ್. ಫೋಕ್ಸ್‌ವ್ಯಾಗನ್, ಸ್ಕೋಡಾದ 1.0 ಟಿಎಸ್‌ಐ ಹೊರಗಿನ ಒಣ ಬೆಲ್ಟ್. ಇಕೋಬೂಸ್ಟ್ 1.0 ಮತ್ತು ಡ್ರ್ಯಾಗನ್ ಇಂಜಿನ್ನುಗಳದ್ದು ಎಣ್ಣೆಯೊಳಗಿನ ಬೆಲ್ಟ್. ಯೂರೋಪಿನಲ್ಲಿ ಪ್ಯೂಜೋ, ಸಿಟ್ರೋಯೆನ್‌ಗಳ ಪ್ಯೂರ್‌ಟೆಕ್ 1.2 ಇಂಜಿನ್ ಹೆಸರು ಕೆಡಿಸಿಕೊಂಡಿದ್ದೂ ಇಂಥದ್ದೇ ಬೆಲ್ಟಿನಿಂದ.

ಎಣ್ಣೆಯೊಳಗೆ ಬೆಲ್ಟ್ ಇಟ್ಟರೆ ಸದ್ದು ಕಮ್ಮಿ, ಉಜ್ಜಾಟ ಕಮ್ಮಿ. ಆದರೆ ತಪ್ಪು ಆಯಿಲ್ ಹಾಕಿದರೆ, ಇಲ್ಲ ಬರೀ ಗಿಡ್ಡ ಓಡಾಟದಲ್ಲಿ ಪೆಟ್ರೋಲ್ ಇಳಿದು ಆಯಿಲ್ ತೆಳುವಾದರೆ, ಬೆಲ್ಟಿನ ರಬ್ಬರ್ ಉಬ್ಬಿ ಉದುರತ್ತೆ. ಉದುರಿದ ಚೂರು ಸಂಪಿನೊಳಗಿನ (ಇಂಜಿನ್ ತಳದ ಆಯಿಲ್ ತೊಟ್ಟಿ) ಜಾಳಿಗೆಗೆ ಹೋಗಿ ಕೂರತ್ತೆ, ಆಯಿಲ್ ಪ್ರೆಶರ್ ಬೀಳತ್ತೆ. ಬೆಲ್ಟ್ ತುಂಡಾಗುವ ಮೊದಲೇ ಬೇರಿಂಗ್ ಹೋಗಬಹುದು. ಇಕೋಬೂಸ್ಟ್‌ಗೆ ಕಂಪನಿ ಹೇಳಿದ್ದು 5ಡಬ್ಲ್ಯು-20 ಆಯಿಲ್, ಅದೂ ಅವರದೇ 948-ಬಿ ಗುಣಮಟ್ಟದ್ದು. "5ಡಬ್ಲ್ಯು-30 ಇನ್ನೂ ಗಟ್ಟಿ ಸರ್" ಅಂತ ಹಾಕಿಬಿಟ್ಟ ಗಾಡಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಕೊಳ್ಳುವಾಗ ಪ್ರತಿ ಸರ್ವಿಸ್ಸಿನ ಬಿಲ್ಲಿನಲ್ಲಿ ಆಯಿಲ್ ಹೆಸರು ನೋಡಿ. ಬಿಲ್ಲಿಲ್ಲದಿದ್ದರೆ ಸಂಪ್ ಇಳಿಸಿ ಜಾಳಿಗೆ ನೋಡಿ, ಕಪ್ಪು ರಬ್ಬರ್ ಚೂರು ಕಂಡರೆ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬನ್ನಿ.

ಪಣಂಬೂರು ಪಿಸ್ಟನ್

ಚೈನ್ ಅಂತ ನಿಶ್ಚಿಂತೆಯಿಂದ ಕೂತುಕೊಳ್ಳುವ ಹಾಗೂ ಇಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಎರಡು ಮೂರು ಸೆಕೆಂಡ್ ಚರಚರ ಸದ್ದು ಬಂದು ನಿಂತರೆ ಚೈನ್ ಬಿಗಿಯಾಗಿಡುವ ಟೆನ್ಷನರಿಗೆ ಆಯಿಲ್ ತಲುಪುವುದು ತಡ ಆಗ್ತಾ ಉಂಟು ಅಂತ ಅರ್ಥ. ಆಯಿಲ್ ಬದಲಿಸುವುದನ್ನು 15,000 ತನಕ ಎಳೆದವರ ಗಾಡಿಯಲ್ಲಿ ಇದು ಮಾಮೂಲು.

ಆಗುಂಬೆ ತಿರುವು

ಘಾಟಿ ಹತ್ತುವವರಿಗೆ ಒಂದು ಮಾತು. ಟರ್ಬೊ ಇಲ್ಲದ ಮೂರು ಸಿಲಿಂಡರ್, ಟರ್ಬೊ ಇರುವ ಮೂರು ಸಿಲಿಂಡರ್, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಬೆಂಗಳೂರಿರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಮಂಗಳೂರಿಗಿಂತ ಗಾಳಿ ಎಂಟೊಂಬತ್ತು ಪರ್ಸೆಂಟ್ ತೆಳು. ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿ ಹತ್ತಿರ ಹತ್ತಿರ ಅಷ್ಟೇ ಇಳಿಯತ್ತೆ, 82 ಪಿಎಸ್ ಅನ್ನೋದು 75ರ ಆಸುಪಾಸಿಗೆ ಬಂತು. ಟರ್ಬೊ ಆ ಕೊರತೆಯನ್ನು ಒತ್ತಿ ತುಂಬಿಸತ್ತೆ. ಮೂರು ಸಿಲಿಂಡರಿಗೂ ಟರ್ಬೊಗೂ ಹೊಂದಾಣಿಕೆ ಚೆನ್ನ: 240 ಡಿಗ್ರಿಗೊಂದು ಎಗ್ಸಾಸ್ಟ್ ಬರೋದರಿಂದ ಒಂದರ ಹೊಗೆ ಇನ್ನೊಂದರ ಕಾಲಿಗೆ ಅಡ್ಡ ಬರಲ್ಲ. ವೆನ್ಯೂ 1.0 ಟರ್ಬೊ 120 ಪಿಎಸ್, 172 ಎನ್‌ಎಂ. ಟೈಗೂನ್ 1.0 ಟಿಎಸ್‌ಐ 115 ಪಿಎಸ್, 178 ಎನ್‌ಎಂ. ನಾಲ್ಕು ಜನ, ಲಗೇಜು, ಎಸಿ ಸಮೇತ ಆಗುಂಬೆಯ 14 ತಿರುವು ಹತ್ತೋದಕ್ಕೆ ಇವು ಸಾಕು. ಟರ್ಬೊ ಇಲ್ಲದ್ದರಲ್ಲೂ ಹತ್ತಬಹುದು, ತಿರುವಿಗೆ ಮೊದಲೇ ಎರಡಕ್ಕೆ, ಬೇಕಾದರೆ ಒಂದಕ್ಕೆ ಇಳಿಸಿ 2,500ರ ಮೇಲಿಟ್ಟುಕೊಳ್ಳಬೇಕು. ತಿರುವಿನ ನಡುವೆ ಗೇರ್ ಹುಡುಕೋದಲ್ಲ.

ಇಳಿಯುವಾಗ ಇನ್ನೊಂದು. ಉಜ್ಜಾಟ ಕಮ್ಮಿ ಅಂತ ಹೊಗಳಿದ್ದೇವಲ್ಲ, ಅದರ ಇನ್ನೊಂದು ಮುಖ: ಇಂಜಿನ್ ಬ್ರೇಕಿಂಗೂ (ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನೇ ಗಾಡಿ ತಡೆಯೋದು) ಕಮ್ಮಿ. ಹಳೇ ಗಾಡಿಯಲ್ಲಿ ಮೂರನೇ ಗೇರಿನಲ್ಲಿ ಇಳೀತಿದ್ದ ಕಡೆ ಇದರಲ್ಲಿ ಎರಡು ಹಾಕಿ.

ಸ್ಪ್ಯಾನರ್12

ಟರ್ಬೊ ಅಂದ ಮೇಲೆ ಇದನ್ನೂ ಹೇಳಬೇಕು. ವೆನ್ಯೂ, ಟಿಎಸ್‌ಐ, ಫ್ರಾಂಕ್ಸಿನ ಬೂಸ್ಟರ್‌ಜೆಟ್, ಇವೆಲ್ಲ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಇಂಜಿನ್ನುಗಳು. ಮ್ಯಾಗ್ನೈಟ್ ಟರ್ಬೊ ಹಾಗಲ್ಲ, ಹಳೇ ರೀತಿ ವಾಲ್ವಿಗೆ ಮೊದಲೇ, ಪೋರ್ಟಿನಲ್ಲಿ. ನೇರ ಚಿಮ್ಮಿಸುವವುಗಳಲ್ಲಿ ಇನ್‌ಟೇಕ್ (ಗಾಳಿ ಒಳಬರುವ) ವಾಲ್ವನ್ನು ಪೆಟ್ರೋಲ್ ತೊಳೆಯಲ್ಲ, ಅಲ್ಲಿ ಇಂಗಾಲ ಕಟ್ಟತ್ತೆ. ಕಟ್ಟಿದ್ದು ಮೂರೂ ಸಿಲಿಂಡರಿಗೆ ಒಂದೇ ಸಮ ಇರಲ್ಲ, ಆಗಲೂ ತಣ್ಣನೆಯ ಐಡ್ಲಿಂಗ್ ಒರಟಾಗತ್ತೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಅಲ್ಲಿಗೆ ತಲುಪೋದೇ ಇಲ್ಲ, ದುಡ್ಡು ದಂಡ. ಇನ್‌ಟೇಕ್ ಬಿಚ್ಚಿ ತೆಗೆಯಬೇಕು.

ಟಾಪ್ ಗೇರಿನಲ್ಲಿ 1,300 ಆರ್‌ಪಿಎಂಗೆ ಬಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತುವ ಚಾಳಿ ಇದ್ದರೆ ಬಿಡಿ. ಕಮ್ಮಿ ವೇಗ, ಪೂರ್ತಿ ಬೂಸ್ಟ್ (ಟರ್ಬೊ ಒತ್ತಡ): ಕಿಡಿ ಹಾರುವ ಮೊದಲೇ ಮಿಶ್ರಣ ಹತ್ತಿಕೊಂಡು ಪಿಸ್ಟನ್ನಿನ ರಿಂಗ್ ಜಾಗ ಒಡೆಯುವ ಸಂಭವ ಇರತ್ತೆ. ಒಂದು ಗೇರ್ ಇಳಿಸಿ ಒತ್ತಿ. ಆಯಿಲ್ ಡಬ್ಬದ ಮೇಲೆ ಎಪಿಐ ಎಸ್‌ಪಿ (ಆಯಿಲ್ ಗುಣಮಟ್ಟದ ಒಂದು ದರ್ಜೆ) ಅಂತ ಇದೆಯಾ ನೋಡಿ, ಆ ದರ್ಜೆ ಮಾಡುವಾಗ ಈ ಸಮಸ್ಯೆಯನ್ನೂ ಪರೀಕ್ಷೆಗೆ ಸೇರಿಸಿದ್ದಾರೆ.

ಕೆರೆಏರಿ

ಗಾಡಿಲೆಕ್ಕ ಹೇಳಿದ ಹಾಗೆ ಫೋನ್ ಅಂಟಿಸಿ ನೋಡಿದ್ದಾಯ್ತು. ಎಸಿ ಹಾಕಿದಾಗ ಸ್ಕ್ಯಾನರಿನಲ್ಲಿ 850. ದೊಡ್ಡ ದಿಬ್ಬ 21ರಲ್ಲಿ, 14ರಲ್ಲಿ ಸಣ್ಣದು, 7ರಲ್ಲಿ ಏನೂ ಇಲ್ಲ. ಎಸಿ ಆರಿಸಿದರೆ 760, ದಿಬ್ಬ 19ಕ್ಕೆ ಸರಿಯತ್ತೆ, ಎತ್ತರ ಅರ್ಧಕ್ಕರ್ಧ ಕಮ್ಮಿ. ಪೆಂಡಿಂಗ್ ಕೋಡ್ ಇಲ್ಲ.

ಗಾಡಿಲೆಕ್ಕ

850 ಭಾಗಿಸು 60 ಅಂದರೆ 14.2, ಅದರ ಒಂದೂವರೆ ಪಟ್ಟು 21.25. ಫೈರಿಂಗ್ ಮಾತ್ರ. ಮೂರೂ ಸಿಲಿಂಡರ್ ಸಮನಾಗಿ ದುಡಿಯುತ್ತಿವೆ. ಎಸಿ ಹಾಕಿದಾಗ ಐಡ್ಲಿಂಗ್ ಏರುತ್ತಿದೆ, ಥ್ರಾಟಲ್ ಬಾಡಿಯೂ ಸದ್ಯಕ್ಕೆ ಸರಿ. ಕಂಪ್ರೆಸರ್ ಎಳೆಯುವಾಗ ಒಂದೊಂದು ಒದೆತ ಜೋರಾಗತ್ತೆ, ರಬ್ಬರ್ ಅದನ್ನು ಬಾಡಿಗೆ ಬಿಟ್ಟುಕೊಡುತ್ತಿದೆ. ಫೌಂಡೇಶನ್.

ಪಣಂಬೂರು ಪಿಸ್ಟನ್

ನೋಡಿ, ನಾನು ಒಂದನೇ ನಂಬರಿಗೇ ಹೇಳಿದ್ದು 🙂 ಮೂರೂ ಒಟ್ಟಿಗೆ ಬದಲಿಸಬೇಡಿ, ಯಾವುದು ಅಂತ ನೋಡಿ. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕ್ ಪೂರ್ತಿ ಒತ್ತಿ ಒಂದನೇ ಗೇರಿನಲ್ಲಿ ಕ್ಲಚ್ ಕಚ್ಚುವಷ್ಟು ಮಾತ್ರ ಬಿಡಲಿ, ಆಮೇಲೆ ರಿವರ್ಸಿನಲ್ಲಿ. ಇನ್ನೊಬ್ಬರು ಬದಿಯಲ್ಲಿ ನಿಂತು ನೋಡಬೇಕು, ಎದುರಿಗೆ ಮಾತ್ರ ನಿಲ್ಲಬೇಡಿ. ಇಂಜಿನ್ ಸ್ವಲ್ಪ ವಾಲುವುದು ಸಹಜ. ಒಂದಿಂಚು ಎದ್ದು ಟಕ್ ಅಂತ ಬಡಿದರೆ ಕೆಳಗಿನ ರಾಡ್ ಹೋಗಿದೆ. ಇಂಜಿನ್ ಬದಿಯ ಮೌಂಟ್ ಕೆಲವು ಗಾಡಿಗಳಲ್ಲಿ ಒಳಗೆ ದ್ರವ ಇರುವಂಥದ್ದು. ಅದರ ಕೆಳಗೆ ಕಪ್ಪು ಜಿಡ್ಡು ಇಳಿದ ಗುರುತು ಉಂಟೋ ನೋಡಿ, ಇದ್ದರೆ ಮುಗಿಯಿತು.

ದಾವಣಗೆರೆ ಡಿಕ್ಕಿ

ಡೂಪ್ಲಿಕೇಟ್ ಮೌಂಟ್ ಮಾತ್ರ ಬೇಡ. ಅರ್ಧ ರೇಟಿಗೆ ಸಿಗತ್ತೆ, ರಬ್ಬರ್ ಕಲ್ಲಿನಂತೆ ಗಟ್ಟಿ. ಹೊಸದು ಹಾಕಿದ ಮೇಲೆ ನಡುಕ ಇನ್ನೂ ಜಾಸ್ತಿ ಆಯ್ತು ಅಂತ ಬರೋ ದೂರುಗಳಲ್ಲಿ ಬಹುಪಾಲು ಇದೇ. ರೇಸಿಂಗ್‌ನವರು ಹಾಕೋ ಪಾಲಿಯುರಥೇನ್ ಬುಷ್ ಮೂರು ಸಿಲಿಂಡರಿಗೆ ಹಾಕಿಸಿದರೆ ಕನ್ನಡಿಯಲ್ಲಿ ಹಿಂದಿನ ಗಾಡಿ ನಂಬರ್ ಓದೋಕಾಗಲ್ಲ.

ಟಾಪ್‌ಗೇರ್ ತಿಮ್ಮ

ಅಂತೂ ಕಾರಣ ಮೂರು ಸಿಲಿಂಡರೇ ತಾನೆ? ನಾಲ್ಕಿದ್ದಿದ್ದರೆ ಫೌಂಡೇಶನ್ ಹೋಗಿದ್ದು ಗೊತ್ತೇ ಆಗುತ್ತಿರಲಿಲ್ಲ.

ಸ್ಪ್ಯಾನರ್12

ತಡವಾಗಿ ಗೊತ್ತಾಗುತ್ತಿತ್ತು, ಆ ಮಟ್ಟಿಗೆ ಒಪ್ಪುತ್ತೇನೆ. ಮೂರು ಸಿಲಿಂಡರಿನಲ್ಲಿ ರಬ್ಬರ್ ಅನ್ನೋದು ಬ್ರೇಕ್ ಪ್ಯಾಡಿನ ಹಾಗೆ ಸವೆಯುವ ಪಾರ್ಟ್ ಅಂತ ಲೆಕ್ಕದಲ್ಲಿಟ್ಟುಕೊಂಡೇ ಗಾಡಿ ಕೊಳ್ಳಬೇಕು. 60ರಿಂದ 80 ಸಾವಿರಕ್ಕೆ ಒಮ್ಮೆ ಕೆಳಗಿನ ರಾಡ್ ಹೋದರೆ ಆಶ್ಚರ್ಯ ಬೇಡ.

ಕೆರೆಏರಿ

ರಿವರ್ಸಿನಲ್ಲಿ ಟಕ್ ಅಂತು. ಕೆಳಗಿನ ರಾಡಿನ ದೊಡ್ಡ ಬುಷ್ ಒಂದು ಕಡೆ ಪೂರ್ತಿ ಸೀಳಿದೆ, ಸ್ಕ್ರೂಡ್ರೈವರ್ ತುದಿ ಒಳಗೆ ಹೋಗತ್ತೆ. ಮೇಲಿನೆರಡು ಒಣಗಿವೆ, ಜಿಡ್ಡಿಲ್ಲ. ಒರಿಜಿನಲ್ ರಾಡ್ ಆರ್ಡರ್ ಕೊಟ್ಟಿದ್ದಾಗಿದೆ. ಹಾಕುವಾಗ ಮೆಕ್ಯಾನಿಕ್‌ಗೆ ಏನಾದರೂ ಹೇಳಬೇಕಾ?

ಪಣಂಬೂರು ಪಿಸ್ಟನ್

ಬೋಲ್ಟ್ ಬಿಗಿ ಮಾಡುವ ಕ್ರಮ. ಇಂಜಿನ್ನನ್ನು ಜಾಕಿನಲ್ಲಿ ಎತ್ತಿ ಹಿಡಿದಿರುವಾಗಲೇ ಪೂರ್ತಿ ಬಿಗಿದುಬಿಟ್ಟರೆ ಹೊಸ ರಬ್ಬರ್ ತಿರುಚಿಕೊಂಡೇ ಕೂರ್ತದೆ. ಜಾಕಿ ತೆಗೆಯುವ ವರೆಗೆ ಎರಡೂ ಬೋಲ್ಟ್ ಕೈಬಿಗಿ ಸಾಕು. ಗಾಡಿ ನೆಲಕ್ಕೆ ಇಳಿಸಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಹಿಡಿದು ಹಿಂದೆ ಮುಂದೆ ನಾಲ್ಕು ಸಲ ಅಲ್ಲಾಡಿಸಿ, ಅದು ತಾನಾಗಿ ನಿಂತ ಜಾಗದಲ್ಲಿ ಟಾರ್ಕ್ ರೆಂಚ್ ಹಾಕಿ ಬಿಗಿಯಲಿ. ಬೋಲ್ಟ್ ತುಕ್ಕು ಹಿಡಿದಿದ್ದರೆ ಅದೂ ಹೊಸದು. ಆಮೇಲೆ ಅದೇ ಜಾಗಕ್ಕೆ ಫೋನ್ ಅಂಟಿಸಿ ಇನ್ನೊಮ್ಮೆ ಅಳೆಯಿರಿ, 21ರ ದಿಬ್ಬ ಎಷ್ಟು ಇಳಿಯಿತು ಅಂತ ಇಲ್ಲಿ ಹಾಕಿ.

ಹುಬ್ಳಿ ಹೈದ

ಫೋಟೋ ಸಮೇತ ಹಾಕ್ರಿ. ತಿಮ್ಮಣ್ಣಗ ತೋರ್ಸೂಣು.